ಎಡಗಡೆ ಕಂಬಿಯ ಏಳು ಕೋಟುಗಳು

ಶುಭ್ರಪ್ಪನವರ ಬಿಳಿ ಅಂಗಿಯ ಮೇಲೆ ಕಲೆ ಕಂಡವರು ಆ ಬೀದಿಯಲ್ಲಿ ಹುಟ್ಟಿರಲೇ ಇಲ್ಲ. ಒಮ್ಮೆ ಬಸ್ಸೊಂದು ರಸ್ತೆಯ ಗುಂಡಿಗೆ ಇಳಿದು, ನಿಲ್ದಾಣದಲ್ಲಿ ನಿಂತಿದ್ದ ಅಷ್ಟೂ ಜನಕ್ಕೆ ಕೊಳೆನೀರಿನ ಸ್ನಾನ ಮಾಡಿಸಿತಂತೆ. ಎಲ್ಲರೂ ಕಣ್ಣೊರೆಸಿಕೊಂಡು ನೋಡಿದರೆ ನಡುವೆ ಶುಭ್ರಪ್ಪನವರೊಬ್ಬರು ಆಗ ತಾನೇ ಮಡಿಕೆ ಬಿಚ್ಚಿದ ಹಾಗೆ ನಿಂತಿದ್ದರಂತೆ. ಇನ್ನೊಮ್ಮೆ ಪೇಂಟರೊಬ್ಬ ಏಣಿಯ ಮೇಲಿಂದ ಡಬ್ಬ ಬೀಳಿಸಿದಾಗ, ಬಣ್ಣ ಅರ್ಧ ದಾರಿಯಲ್ಲಿ ಯೋಚನೆ ಮಾಡಿ ಪಕ್ಕದ ಸ್ಕೂಟರಿನ ಮೇಲೆ ಬಿತ್ತಂತೆ. ಮೇಜಿನ ಮೇಲೆ ಚೆಲ್ಲಿದ ಚಹಾ ಅವರ ಮೊಣಕೈ ತನಕ ಹರಿದು ಬಂದು, ತಪ್ಪು ವಿಳಾಸಕ್ಕೆ ಬಂದವರ ಹಾಗೆ ನಾಚಿಕೊಂಡು ಬೇರೆ ಕಡೆ ತಿರುಗಿದ್ದನ್ನು ಬೀಗದ ಅಂಗಡಿಯವನು ಕಣ್ಣಾರೆ ನೋಡಿದ್ದಾನೆ. ಅವನು ಕಣ್ಣಾರೆ ನೋಡಿದ ಸಂಗತಿಗಳು ಬಹಳ, ಇರಲಿ. ಕಾಗೆಗಳು ಅವರ ತಲೆಯ ಮೇಲೆ ಹಾರುವಾಗ ಹೊಟ್ಟೆ ಬಿಗಿಹಿಡಿಯುತ್ತವೆ ಎಂಬ ಮಾತೂ ಇತ್ತು. ಹೀಗೆ ಶುಭ್ರಪ್ಪ ಎಂಬ ಅಡ್ಡಹೆಸರು ಬಂದು, ನಿಜವಾದ ಹೆಸರು ಯಾವುದೆಂದು ಕೇಳಿದರೆ ಅವರ ಹೆಂಡತಿಯೂ ಒಂದು ಕ್ಷಣ ತಡೆಯುವಂತಾಗಿತ್ತು.

ಶುಭ್ರಪ್ಪನವರದು ಲಾಂಡ್ರಿ ಅಂಗಡಿ. ಲಾಂಡ್ರಿಯ ಯಜಮಾನನ ಅಂಗಿಯೇ ಲಾಂಡ್ರಿಯ ಬೋರ್ಡು ಎಂದು ಅವರು ಗಿರಾಕಿಗಳಿಗೆ ಹೇಳುತ್ತಿದ್ದರು. ಹೇಳುವಾಗ ಎರಡೂ ಕೈ ಸ್ವಲ್ಪ ಅಗಲಿಸಿ, ಗಿರಾಕಿ ಬೋರ್ಡನ್ನು ಪೂರ್ತಿ ಓದಲು ಸಮಯ ಕೊಡುತ್ತಿದ್ದರು. ಒಳಗಿನಿಂದ ಹೆಂಡತಿಯ ಧ್ವನಿ ಕೇಳುತ್ತಿತ್ತು: "ಕೆಲಸ ಮಾಡಿದ್ರೆ ತಾನೇ ಕಲೆ ಬೀಳೋದು."

ಅಂಗಡಿಯ ಭೂಗೋಳ ಸರಳವಾದದ್ದು. ಮುಂದೆ ಕೌಂಟರು, ಕೌಂಟರಿನ ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ಹಸಿರು ಪರದೆ. ಕುರ್ಚಿಗೆ ಮೆತ್ತನೆಯ ದಿಂಬು ಇತ್ತು. ಅಂಗಡಿಯ ಒಂದೇ ಒಂದು ಫ್ಯಾನು ಅದರ ಮೇಲೆಯೇ ತಿರುಗುತ್ತಿತ್ತು. ಅಲ್ಲಿ ಕೂತರೆ ಬೀದಿಯ ಎರಡೂ ತುದಿ ಕಾಣುತ್ತಿದ್ದವು. ಪರದೆಯ ಆಚೆ ಬೇರೆಯೇ ಹವಾಮಾನ. ಅಲ್ಲಿ ಗುಡುಗುವ ಒಗೆಯುವ ಯಂತ್ರ, ಸೋಪಿನ ನೀರಿನ ತೊಟ್ಟಿ, ಬ್ರಷ್ ಹಿಡಿದು ಕಲೆ ತೆಗೆಯುವ ಕಲ್ಲಿನ ಮೇಜು, ಹಬೆಯ ಇಸ್ತ್ರಿ, ಮತ್ತು ಬಟ್ಟೆ ತೂಗುಹಾಕುವ ಎರಡು ಉದ್ದನೆಯ ಕಂಬಿ. ಹೆಂಡತಿ ಇಸ್ತ್ರಿಯಲ್ಲಿ, ಮಗಳು ಯಂತ್ರ ಮತ್ತು ಕಲ್ಲಿನ ಮೇಜಿನಲ್ಲಿ. ಶುಭ್ರಪ್ಪನವರು ಪರದೆಯ ಆಚೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಹಬೆಗೆ ಅಂಗಿಯ ಕಾಲರು ಮೆತ್ತಗಾಗುತ್ತದೆ ಎಂಬುದು ಕಾರಣ.

ಅವರ ಕೆಲಸವೆಂದರೆ ಮಾತು ಕೊಡುವುದು. ಬಂದ ಗಿರಾಕಿಗೆಲ್ಲ "ನಾಳೆ ಸಂಜೆ ರೆಡಿ" ಎನ್ನುವರು. ಕಂಬಳಿ ತಂದರೂ ನಾಳೆ ಸಂಜೆ, ಮನೆಯ ಪರದೆಗಳನ್ನೆಲ್ಲ ಮೂಟೆ ಕಟ್ಟಿ ತಂದರೂ ನಾಳೆ ಸಂಜೆ. ನಾಳೆ ಸಂಜೆ ಬಟ್ಟೆ ಸಿಕ್ಕಿ ಗಿರಾಕಿ ಹೊಗಳಿದರೆ ಕೈ ಅಗಲಿಸಿ ಬೋರ್ಡು ತೋರಿಸುವರು. ಸಿಗದೆ ರೇಗಿದರೆ ಕುರ್ಚಿಯಲ್ಲೇ ಅರ್ಧ ತಿರುಗಿ, ಪರದೆಯ ಕಡೆ ಕೈ ತೋರಿಸಿ, ನೊಂದ ಧ್ವನಿಯಲ್ಲಿ "ಏನಮ್ಮಾ ಇದು, ಒಳಗಡೆ ಏನು ಮಾಡ್ತಿದ್ದೀರಾ?" ಎನ್ನುವರು. ಗಿರಾಕಿಗೆ ಅವರ ಮೇಲೆ ಕನಿಕರ ಬಂದು, "ಪಾಪ, ಇವರಾದರೂ ಏನು ಮಾಡ್ತಾರೆ" ಎಂದು ಹೋಗುತ್ತಿದ್ದ.

ಮಗಳಿಗೆ ಆ ಕುರ್ಚಿ ಬೇಕಾಗಿತ್ತು. ದಿಂಬಿನ ಆಸೆಗಲ್ಲ. ಎಷ್ಟು ಬಟ್ಟೆ ಎಷ್ಟು ದಿನದಲ್ಲಿ ಒಗೆಯಲು ಸಾಧ್ಯ ಎಂದು ತಿಳಿದವರು ಮಾತು ಕೊಟ್ಟರೆ ಒಳಗಿನವರು ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದಲ್ಲ ಎಂದು. ಎರಡು ವರ್ಷದಿಂದ ಕೇಳುತ್ತಲೇ ಇದ್ದಳು. ಪ್ರತಿ ಸಲವೂ ಶುಭ್ರಪ್ಪನವರು ಅದೇ ಉತ್ತರ ಕೊಡುತ್ತಿದ್ದರು.

"ಕುರ್ಚಿ ಅಂದ್ರೆ ಸುಮ್ನೆ ಅಲ್ಲ ಪುಟ್ಟಿ. ಅದು ಜವಾಬ್ದಾರಿ."

ಹೀಗಿರುವಾಗ ಬೀದಿಯ ಹಿಂದಿನ ಮೈದಾನದಲ್ಲಿ ಜಗಳವಾಯಿತು. ಮಗಳು ಮತ್ತು ಅವಳ ಗೆಳೆಯರು ಸಂಜೆ ಅಲ್ಲಿ ಫ್ರಿಸ್ಬೀ ಆಡುತ್ತಿದ್ದರು. ನಾಯಿಗೆ ಎಸೆದು ಆಡುವ ಆಟ ಅಲ್ಲ. ಒಂದೊಂದು ಕಡೆಗೆ ಏಳೇಳು ಜನರಿದ್ದು, ತಟ್ಟೆಯಂಥ ಡಿಸ್ಕನ್ನು ಒಬ್ಬರಿಗೊಬ್ಬರು ಎಸೆಯುತ್ತ ಎದುರಾಳಿಯ ತುದಿಯ ಅಂಕಣಕ್ಕೆ ಒಯ್ದು ಅಲ್ಲಿ ಹಿಡಿಯುವ ಆಟ. ಅದೇ ಮೈದಾನದಲ್ಲಿ ಶುಭ್ರಪ್ಪನವರ ವಾಕಿಂಗ್ ಗುಂಪೂ ಸುತ್ತು ಹಾಕುತ್ತಿತ್ತು. ಒಂದು ಸಂಜೆ ಡಿಸ್ಕು ಹಾರಿ ಬಂದು ಹಲ್ಲಿನ ಡಾಕ್ಟರ ಟೋಪಿಯನ್ನು ಹಾರಿಸಿಕೊಂಡು ಹೋಯಿತು.

"ಏನ್ರಪ್ಪ, ಇದೂ ಒಂದು ಆಟನಾ? ತಟ್ಟೆ ಎಸೆಯೋದಕ್ಕೆ ಏಳು ಜನ ಬೇಕಾ?" ಎಂದರು ಡಾಕ್ಟರು.

"ನೀವು ಆಡಿ ತೋರಿಸಿ ಅಂಕಲ್," ಎಂದ ಒಬ್ಬ ಉದ್ದನೆಯ ಹುಡುಗ.

ಶುಭ್ರಪ್ಪನವರು ಮುಂದೆ ಬಂದರು. "ಆಡ್ತೀವಿ. ನಮ್ಮ ಕಾಲದಲ್ಲಿ ನಾವು ಆಡದೇ ಇರೋ ಆಟ ಯಾವುದಿತ್ತು?"

"ನೀವು ಯಾವ ಆಟ ಆಡಿದ್ರಿ ಅಪ್ಪಾ?" ಎಂದಳು ಮಗಳು.

"ಅದೆಲ್ಲ ಈಗ ಯಾಕೆ."

ಮಗಳು ಡಿಸ್ಕನ್ನು ಬೆರಳ ಮೇಲೆ ತಿರುಗಿಸುತ್ತ ಒಂದು ಗಳಿಗೆ ಯೋಚಿಸಿದಳು. "ಹಾಗಾದ್ರೆ ಪಂಥ. ಮುಂದಿನ ಭಾನುವಾರ ಮ್ಯಾಚು. ನೀವು ಗೆದ್ರೆ ಕುರ್ಚಿ ನಿಮ್ದೇ, ನಾನು ಇನ್ನು ಬಾಯಿ ತೆರೆಯಲ್ಲ. ನಾವು ಗೆದ್ರೆ ಕುರ್ಚಿ ನಂದು, ನೀವು ಒಳಗೆ. ಅವತ್ತು ಸಂಜೆಯಿಂದಾನೇ. ಇನ್ನೊಂದು ಮಾತು. ಯಾರೇ ಕೂತ್ಕೊಳ್ಳಲಿ, ಗಿರಾಕಿಗೆ ಅವರೇ ಉತ್ತರ ಹೇಳಬೇಕು. ಪರದೆ ಕಡೆ ಕೈ ತೋರಿಸೋ ಹಾಗಿಲ್ಲ."

ಇಡೀ ವಾಕಿಂಗ್ ಗುಂಪು ನೋಡುತ್ತಿತ್ತು. ಇಂಥ ಹೊತ್ತಲ್ಲಿ ಹಿಂದೆ ಸರಿದರೆ ಅದೇ ಒಂದು ಕಲೆ. ಶುಭ್ರಪ್ಪನವರು ಒಪ್ಪಿದರು. ಆಮೇಲೆ ಕೇಳಿದರು, "ಅಂಪೈರ್ ಯಾರು?"

"ಈ ಆಟದಲ್ಲಿ ಅಂಪೈರ್ ಇರಲ್ಲ ಅಪ್ಪಾ. ತಪ್ಪು ಮಾಡಿದವರೇ ತಪ್ಪು ಅಂತ ಹೇಳಬೇಕು. ಡಿಸ್ಕ್ ನೆಲಕ್ಕೆ ತಾಗಿದ್ರೆ ಹಿಡಿದವರೇ ತಾಗಿತ್ತು ಅಂತ ಒಪ್ಕೋಬೇಕು."

ಶುಭ್ರಪ್ಪನವರು ಪ್ರಾಮಾಣಿಕವಾಗಿ ಗೊಂದಲಕ್ಕೆ ಬಿದ್ದರು. "ಮತ್ತೆ ಗೆಲ್ಲೋದು ಹೇಗೆ?"

ಹಿರಿಯರ ತರಬೇತಿ ಸೋಪಿನ ಡ್ರಮ್ಮಿನ ಮುಚ್ಚಳದಿಂದ ಶುರುವಾಯಿತು. ವಾಕಿಂಗ್ ಗುಂಪಿನ ಡ್ರೈವಿಂಗ್ ಸ್ಕೂಲಿನ ಮೇಡಂ ತಾವಾಗಿಯೇ ತರಬೇತುದಾರರಾದರು. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಜೀವ ಕೈಯಲ್ಲಿ ಹಿಡಿದುಕೊಂಡ ಹೆಂಗಸಾದ್ದರಿಂದ ಯಾವುದಕ್ಕೂ ಹೆದರುತ್ತಿರಲಿಲ್ಲ. ಬೀಗದ ಅಂಗಡಿಯವನು ಎರಡು ಸಲ ಮುಚ್ಚಳವನ್ನು ಹಣೆಯಲ್ಲಿ ಹಿಡಿದ. ಶುಭ್ರಪ್ಪನವರು ತರಬೇತಿಯನ್ನು ಬೆಂಚಿನ ಮೇಲೆ ಕೂತು ಮೆಚ್ಚಿದರು. ಅವರ ತಲೆಯಲ್ಲಿ ಓಡುತ್ತಿದ್ದುದು ಸಮವಸ್ತ್ರ.

ಅವರ ನೆನಪಿನಲ್ಲಿ ಒಳಕೋಣೆಯ ಎಡಗಡೆ ಕಂಬಿಯೆಂದರೆ ಅನಾಥ ಬಟ್ಟೆಗಳ ಕಂಬಿ: ಒಗೆಯಲು ಕೊಟ್ಟು ಮರೆತವರದು, ಊರು ಬಿಟ್ಟವರದು. ಹಿಂದೆ ಯಾವುದೋ ನರ್ಸಿಂಗ್ ಹೋಮು ಬಾಗಿಲು ಹಾಕಿದಾಗ ಉಳಿದ ಏಳು ಬಿಳಿ ಕೋಟು ಅಲ್ಲಿ ತೂಗುತ್ತಿದ್ದವು. ಏಳು ಜನಕ್ಕೆ ಏಳು ಕೋಟು. ಲೆಕ್ಕ ದೇವರೇ ಹೊಂದಿಸಿದ ಹಾಗಿತ್ತು. ಭಾನುವಾರ ಮಧ್ಯಾಹ್ನ ಮಗಳು ಮೈದಾನಕ್ಕೆ ಗೆರೆ ಹಾಕಲು ಹೋದ ಹೊತ್ತು ನೋಡಿ, ಹೆಂಡತಿ ಊಟದ ತಟ್ಟೆ ತೊಳೆಯುತ್ತಿದ್ದಾಗ, ಶುಭ್ರಪ್ಪನವರು ವರ್ಷಗಳ ನಂತರ ಪರದೆ ಸರಿಸಿದರು. ಎಡಗಡೆ ಕಂಬಿ. ಏಳು ಬಿಳಿ ಕೋಟು. ಹಿತ್ತಾಳೆಯ ಗುಂಡಿಗಳು ಮಿರಮಿರ ಹೊಳೆಯುತ್ತಿದ್ದವು. ನರ್ಸಿಂಗ್ ಹೋಮಿನ ಕೋಟಿಗೆ ಹಿತ್ತಾಳೆ ಗುಂಡಿ ಯಾಕೆ ಎಂದು ಇನ್ನೊಬ್ಬನಾಗಿದ್ದರೆ ಕೇಳಿಕೊಳ್ಳುತ್ತಿದ್ದ. ತನ್ನ ಅಂಗಡಿಯಲ್ಲಿದ್ದರೆ ಬಟ್ಟೆ ವರ್ಷ ಕಳೆದಷ್ಟೂ ಹೊಸದಾಗುತ್ತದೆ ಎಂದು ಶುಭ್ರಪ್ಪನವರು ಹೆಮ್ಮೆಪಟ್ಟು, ಏಳನ್ನೂ ತೋಳ ಮೇಲೆ ಹಾಕಿಕೊಂಡು ಹೊರಟರು.

ಅವತ್ತಿನ ಹವಾಮಾನವನ್ನು ಕೆಟ್ಟದ್ದು ಎಂದರೆ ಮರ್ಯಾದೆ ಕೊಟ್ಟ ಹಾಗೆ. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಜತೆಗೆ ಗಾಳಿ ಬೇರೆ ಛತ್ರಿಗಳನ್ನು ಒಳಹೊರಗು ಮಾಡುತ್ತಿತ್ತು. ಮೈದಾನದ ಮಧ್ಯ ಭಾಗ ಕೆರೆ, ಸುತ್ತ ಕೆಸರು. ಕಿರಿಯರು ಚಡ್ಡಿ ಬನಿಯನ್ನಿನಲ್ಲಿ ನಡುಗುತ್ತ ನಿಂತಿದ್ದರು. ಆಗ ಗೇಟಿನಿಂದ ಹಿರಿಯರ ಪಡೆ ಬಿಳಿ ಕೋಟು ತೊಟ್ಟು, ಗುಂಡಿ ಹೊಳೆಸುತ್ತ, ಸಾಲಾಗಿ ಪ್ರವೇಶ ಮಾಡಿತು. ನೋಡಲು ನಿಂತವರಲ್ಲಿ ಒಬ್ಬರು, "ಯಾರಿಗೆ ಆಪರೇಷನ್ನು?" ಎಂದರು.

ಮಗಳ ಮುಖದ ನಗು ಅರ್ಧಕ್ಕೆ ನಿಂತಿತು. ಓಡಿ ಬಂದಳು.

"ಅಪ್ಪಾ, ಈ ಕೋಟು ಎಲ್ಲಿಂದ ತಂದ್ರಿ?"

"ನಮ್ಮ ಅಂಗಡಿಯಿಂದಾನೇ. ಎಡಗಡೆ ಕಂಬಿಯಿಂದ. ಹೇಗಿದೆ?"

ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಬೀಗದ ಅಂಗಡಿಯವನು ಜಾರಿ ಕೆಸರಿನಲ್ಲಿ ಧೊಪ್ಪನೆ ಕೂತ. ಎದ್ದಾಗ ಅವನ ಕೋಟಿನ ಹಿಂಭಾಗದಲ್ಲಿ ಎರಡು ಹಲಸಿನಕಾಯಿ ಗಾತ್ರದ ಕಪ್ಪು ಮುದ್ರೆ ಬಿದ್ದಿತ್ತು. ಆದದ್ದು ಆಗಿಹೋಗಿತ್ತು. ಮಗಳು ಬಾಯಿ ಮುಚ್ಚಿದಳು. ಕೋಟುಗಳನ್ನು ಒಂದೊಂದಾಗಿ ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ನಿಧಾನವಾಗಿ ನಕ್ಕಳು.

"ಚೆನ್ನಾಗಿದೆ ಅಪ್ಪಾ. ಇವತ್ತು ಸೋತವರು ಸಂಜೆಗೇ ಒಳಗೆ ಹೋಗಬೇಕು, ನೆನಪಿದೆ ತಾನೇ?"

"ನೀನು ನೆನಪಿಟ್ಕೋ," ಎಂದರು ಶುಭ್ರಪ್ಪನವರು.

ವಿಷಯ ಇಷ್ಟೇ. ಕಂಬಿಗಳನ್ನು ಮಗಳು ಹೋದ ವರ್ಷವೇ ಅದಲು ಬದಲು ಮಾಡಿದ್ದಳು. ಅನಾಥ ಬಟ್ಟೆಗಳು ಈಗ ಬಲಗಡೆ. ಎಡಗಡೆಯದು ಅವತ್ತಿನ ಡೆಲಿವರಿ. ಆ ಏಳು ಕೋಟು ಮುಖ್ಯ ರಸ್ತೆಯ ದೊಡ್ಡ ಹೋಟೆಲಿನ ಸಪ್ಲೈಯರುಗಳದು. ಮಾರನೇ ದಿನ ಮಧ್ಯಾಹ್ನ ಅಲ್ಲಿ ಭಾರೀ ಪಾರ್ಟಿ. ಹೋಟೆಲಿನ ಮ್ಯಾನೇಜರಿಗೆ "ಭಾನುವಾರ ಸಂಜೆ ರೆಡಿ" ಎಂದು ಮಾತು ಕೊಟ್ಟದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮ್ಯಾಚು ಶುರುವಾಯಿತು. ಕಿರಿಯರ ಆಟ ಚಂದ, ಆದರೆ ಗಾಳಿಗೆ ಚಂದದ ಮೇಲೆ ಗೌರವವಿರಲಿಲ್ಲ. ಉದ್ದನೆಯ ಹುಡುಗ ಮೈದಾನದ ಈ ತುದಿಯಿಂದ ಆ ತುದಿಗೆ ಎಸೆದ ಡಿಸ್ಕು ನಡುದಾರಿಯಲ್ಲಿ ಮನಸ್ಸು ಬದಲಾಯಿಸಿ ಕಾಂಪೌಂಡಿನ ಆಚೆ ಹೋಯಿತು. ಹಿರಿಯರಿಗೆ ದೂರ ಎಸೆಯಲು ಬರುತ್ತಲೇ ಇರಲಿಲ್ಲ. ಅದೇ ಅವರನ್ನು ಕಾಪಾಡಿತು. ಪಕ್ಕದಲ್ಲೇ ನಿಂತವರಿಗೆ ಚಹಾದ ಕಪ್ಪು ದಾಟಿಸುವಂತೆ ಡಿಸ್ಕು ದಾಟಿಸುತ್ತ, ನಡುನಡುವೆ ಉಸಿರು ಎಳೆದುಕೊಳ್ಳುತ್ತ, ಅವರು ಆಮೆಯ ಮೆರವಣಿಗೆಯಂತೆ ಮುಂದೆ ಸಾಗಿದರು.

"ಬ್ರೇಕ್! ಬ್ರೇಕ್ ಹಾಕಿ! ಎಡಕ್ಕೆ ತಿರುಗಿ! ಕನ್ನಡಿ ನೋಡ್ಕೊಳ್ಳಿ!" ಎಂದು ಮೇಡಂ ಕೂಗುತ್ತಿದ್ದರು.

"ಯಾವ ಕನ್ನಡಿ ಮೇಡಂ?" ಎನ್ನುತ್ತ ಹಲ್ಲಿನ ಡಾಕ್ಟರು ಮೂಗಿನ ಮೇಲೆ ಬಿದ್ದರು.

ತಪ್ಪು ಒಪ್ಪಿಕೊಳ್ಳುವ ವಿಚಾರದಲ್ಲಿ ಹಿರಿಯರಿಗೆ ಸ್ವಲ್ಪ ಕಷ್ಟವಾಯಿತು. ಕಿರಿಯರು "ನನ್ನ ಕೈ ತಾಗ್ತು, ಸಾರಿ" ಎಂದು ಡಿಸ್ಕನ್ನು ಕೊಟ್ಟುಬಿಡುತ್ತಿದ್ದರು. ಹಿರಿಯರ ಕಡೆ ಒಂದು ತಪ್ಪಾದರೆ ಅದಕ್ಕೆ ಕಾರಣ ಮಳೆ, ಕಾರಣ ಬೂಟು, ಕಾರಣ ಕಿರಿಯರು ಎದುರಿಗೆ ಬಂದು ನಿಂತ ರೀತಿ. ಈ ನಡುವೆ ಶುಭ್ರಪ್ಪನವರು ಎಲ್ಲಿದ್ದರು? ಕಿರಿಯರ ಕಡೆಯ ತುದಿಯ ಅಂಕಣದ ಮೂಲೆಯಲ್ಲಿ ನೀರಿನ ನಲ್ಲಿಗೆಂದು ಕಟ್ಟಿದ ಸಿಮೆಂಟಿನ ಕಟ್ಟೆಯೊಂದಿತ್ತು. ಅದರ ಮೇಲೆ, ಮೈದಾನದ ಏಕೈಕ ಕೆಸರಿಲ್ಲದ ಜಾಗದಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅದು ಆಯಕಟ್ಟಿನ ಜಾಗ ಎಂದು ಪಡೆಗೆ ವಿವರಿಸಿದ್ದರು. "ಆದ್ರೆ ನನ್ನ ಕಡೆ ಎಸೀಬೇಡಿ, ಕೆಸರು ಹಾರುತ್ತೆ" ಎಂದೂ ಹೇಳಿದ್ದರು. ಯಾರೂ ಅವರತ್ತ ಎಸೆಯಲಿಲ್ಲ, ಆದ್ದರಿಂದ ಕಿರಿಯರಲ್ಲಿ ಯಾರೂ ಅವರಿಗೆ ಕಾವಲು ನಿಲ್ಲಲೂ ಇಲ್ಲ. ಆರು ಕೋಟುಗಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದಾಗ ಏಳನೆಯದು ಮಳೆಯಲ್ಲಿ ದೀಪದ ಹಾಗೆ ಬೆಳಗುತ್ತಿತ್ತು.

ಕತ್ತಲೆ ಕವಿಯುವಂತಾಯಿತು. ಎರಡೂ ಕಡೆ ಸಮ ಸಮ. ಮುಂದಿನ ಪಾಯಿಂಟು ಯಾರದೋ ಮ್ಯಾಚು ಅವರದು ಎಂದು ತೀರ್ಮಾನವಾಯಿತು. ಡಿಸ್ಕು ಹಲ್ಲಿನ ಡಾಕ್ಟರ ಕೈಯಲ್ಲಿತ್ತು. ಅವರು ಮೇಡಂಗೆಂದು ಎಸೆದರು. ಎಸೆದ ಜೋರಿಗೆ ತಾವೇ ಹೊಟ್ಟೆಯ ಮೇಲೆ ಜಾರಿಕೊಂಡು ಡಿಸ್ಕಿನ ಹಿಂದೆಯೇ ಹೋದರು. ಗಾಳಿ ಆ ಕೆಸರು ಮೆತ್ತಿದ ತಟ್ಟೆಯನ್ನು ಎತ್ತಿ, ತೂಗಿ, ನೋಡಿ, ನೇರವಾಗಿ ನಲ್ಲಿಯ ಕಟ್ಟೆಯ ಕಡೆ ಕಳಿಸಿತು.

ಆ ಗಳಿಗೆಯ ಬಗ್ಗೆ ಬೀದಿಯಲ್ಲಿ ಈಗ ಹಲವು ಕತೆಗಳಿವೆ. ಶುಭ್ರಪ್ಪನವರು ಹದ್ದಿನಂತೆ ಎರಗಿದರು ಎನ್ನುವವರಿದ್ದಾರೆ. ನಡೆದದ್ದು ಇಷ್ಟು: ಕೆಸರಿನ ತಟ್ಟೆ ತಮ್ಮ ಎದೆಯ ಕಡೆಗೇ ಬರುವುದನ್ನು ಕಂಡು ಅವರು "ಅಯ್ಯೋ" ಎಂದು ತಪ್ಪಿಸಿಕೊಳ್ಳಲು ಪಕ್ಕಕ್ಕೆ ಹಾರಿದರು. ಪಕ್ಕದಲ್ಲಿ ಕಟ್ಟೆ ಇರಲಿಲ್ಲ. ಕಾಲು ಒಂದು ಕಡೆ, ಮೈ ಇನ್ನೊಂದು ಕಡೆ ಹೋಗಿ, ಮುಖ ಮೇಲಾಗಿ ಕೆಸರಿಗೆ ಬಿದ್ದು, ಅಂಕಣದುದ್ದಕ್ಕೂ ದೋಣಿಯಂತೆ ಜಾರಿದರು. ಮುಖ ಮುಚ್ಚಿಕೊಳ್ಳಲು ಎರಡೂ ಕೈ ಎತ್ತಿದ್ದರು. ತಟ್ಟೆ ಬಂದು ಆ ಕೈಗಳ ನಡುವೆ ಸಿಕ್ಕಿಕೊಂಡಿತು.

"ಹಿಡಿದ್ರು! ಯಜಮಾನರು ಹಿಡಿದ್ರು! ಗೆದ್ವಿ!" ಹಿರಿಯರು ಕೆಸರಿನಲ್ಲೇ ಕುಣಿದರು. ಮೇಡಂ ಬೀಗದ ಅಂಗಡಿಯವನ ಬೆನ್ನಿಗೆ ಗುದ್ದಿದರು.

ಮಗಳು ಓಡಿ ಬಂದು ಅಪ್ಪನ ತಲೆಯ ಬಳಿ ಮಂಡಿಯೂರಿದಳು. ಅವಳ ಎರಡು ವರ್ಷದ ಆಸೆ ಆ ತಟ್ಟೆಯ ಅಂಚಿನಲ್ಲಿತ್ತು.

"ಅಪ್ಪಾ, ಏಟಾಯ್ತಾ?"

"ಇಲ್ಲ."

"ನನಗೆ ನಿಮ್ಮ ಮೈ ಅಡ್ಡ ಬಂತು, ಕಾಣಲಿಲ್ಲ. ಡಿಸ್ಕ್ ನೆಲಕ್ಕೆ ತಾಗ್ತಾ? ನೀವೇ ಹೇಳಬೇಕು. ನೀವು ಹೇಳಿದ್ದೇ ಕೊನೆ."

ಶುಭ್ರಪ್ಪನವರು ಎದ್ದು ಕೂತರು. ಜೀವಮಾನದಲ್ಲಿ ಹಿಡಿದ ಒಂದೇ ಒಂದು ತಟ್ಟೆಯನ್ನು ಎತ್ತಿ ಹಿಡಿದು, ಎದೆ ಉಬ್ಬಿಸಿ, ಗೆಲುವಿನ ಮಾತು ಆಡಲು ಬಾಯಿ ತೆರೆದರು. ಅಷ್ಟರಲ್ಲಿ ಗೆರೆಯ ಆಚೆ ಒಂದು ಕಪ್ಪು ಛತ್ರಿ ಬಂದು ನಿಂತಿತು. ಛತ್ರಿಯ ಕೆಳಗೆ ದೊಡ್ಡ ಹೋಟೆಲಿನ ಮ್ಯಾನೇಜರು.

"ಯಜಮಾನರೇ, ಅಂಗಡಿ ಬಾಗಿಲು ಅರ್ಧ ಹಾಕಿತ್ತು. ನಿಮ್ಮ ಮನೆಯವರನ್ನ ಕೇಳಿದೆ, ನಮ್ಮ ಕೋಟು ಎಲ್ಲಿ ಅಂತ. ಮೈದಾನದಲ್ಲಿವೆ, ಹೋಗಿ ನೋಡಿ ಅಂದ್ರು. ನನಗೆ ಅರ್ಥ ಆಗ್ಲಿಲ್ಲ..."

ಅಲ್ಲಿಗೆ ಅವರ ಮಾತು ನಿಂತಿತು. ಅರ್ಥವಾಗತೊಡಗಿತ್ತು. ಅವರು ಹಲ್ಲಿನ ಡಾಕ್ಟರ ಹೊಟ್ಟೆ ನೋಡಿದರು, ಬೀಗದ ಅಂಗಡಿಯವನ ಹಿಂಭಾಗ ನೋಡಿದರು, ಒಂದು ಹಿತ್ತಾಳೆ ಗುಂಡಿಯನ್ನು ಗುರುತು ಹಿಡಿದರು.

"ಅಪ್ಪಾ," ಎಂದಳು ಮಗಳು ಮೆಲ್ಲಗೆ, "ಎಡಗಡೆ ಕಂಬಿ ಈಗ ಡೆಲಿವರಿದು. ಬದಲಾಯಿಸಿ ಒಂದು ವರ್ಷ ಆಯ್ತು."

ಶುಭ್ರಪ್ಪನವರು ಮೊದಲ ಸಲ ತಮ್ಮ ಎದೆ ನೋಡಿಕೊಂಡರು. ಬಿಳಿಯೆಂಬುದು ಅಲ್ಲೆಲ್ಲೂ ಉಳಿದಿರಲಿಲ್ಲ. ಆಮೇಲೆ ಮ್ಯಾನೇಜರನ್ನು ನೋಡಿದರು. ಛತ್ರಿಯ ಕೆಳಗಿನ ಆ ಮುಖ ಬಿಳಿಯಿಂದ ಕೆಂಪಿಗೆ ತಿರುಗುತ್ತಿತ್ತು. ಆಮೇಲೆ ಎಲ್ಲೋ ದೂರ ನೋಡಿದರು; ದಿಂಬು, ಫ್ಯಾನು, ಕುರ್ಚಿ, ಬೀದಿಯ ಎರಡೂ ತುದಿ. ಕೊನೆಗೆ ತಟ್ಟೆಯನ್ನು ಮಗಳ ಕೈಗೆ ಕೊಟ್ಟರು.

"ತಾಗಿತ್ತು," ಎಂದರು. "ನೆಲಕ್ಕೆ ತಾಗಿತ್ತು, ಪುಟ್ಟಿ."

ಉದ್ದನೆಯ ಹುಡುಗನ ಕಣ್ಣು ತುಂಬಿತು. ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಡಿಸ್ಕು ಕಿರಿಯರದಾಯಿತು. ಹಿರಿಯರು ಇನ್ನೂ ಬೆರಗಿನಲ್ಲಿ ನಿಂತಿರುವಾಗಲೇ ಕಿರಿಯರು ನಾಲ್ಕು ಎಸೆತದಲ್ಲಿ ಆ ತುದಿ ಮುಟ್ಟಿ ಗೆದ್ದೇಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಕುರ್ಚಿಯಲ್ಲಿ ಮಗಳು ಕೂತಿದ್ದಳು. ತಲೆಗೂದಲಲ್ಲಿ ಇನ್ನೂ ಮಣ್ಣಿತ್ತು. ಎದುರಿಗೆ ಮ್ಯಾನೇಜರು ಕೌಂಟರು ಗುದ್ದುತ್ತಿದ್ದರು. "ಸಾರ್, ನಮ್ಮ ತಪ್ಪು. ನಮ್ಮವರು ಹಾಕ್ಕೊಂಡು ಆಡಿದ್ರು," ಎಂದಳು ಅವಳು. ಅವಳು ಪರದೆಯ ಕಡೆ ನೋಡಲೂ ಇಲ್ಲ. "ಬೆಳಿಗ್ಗೆ ಹತ್ತು ಗಂಟೆಗೆ ಏಳೂ ಕೋಟು ನಾನೇ ತಂದು ಕೊಡ್ತೀನಿ. ಸಂಜೆ ಅಂತ ಸುಳ್ಳು ಹೇಳಲ್ಲ." ಹೀಗೆ ಒಂದೇ ಏಟಿಗೆ ತಪ್ಪು ಒಪ್ಪಿಕೊಳ್ಳುವ ಲಾಂಡ್ರಿಯವರನ್ನು ಮ್ಯಾನೇಜರು ಕಂಡಿರಲಿಲ್ಲ. ಕೌಂಟರು ಗುದ್ದಲು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅದರಿಂದ ಕಿವಿ ಕೆರೆದುಕೊಂಡರು.

ಪರದೆಯ ಹಿಂದೆ ಕಲ್ಲಿನ ಮೇಜಿನ ಮುಂದೆ ಶುಭ್ರಪ್ಪನವರು ಅಂಗಿಯ ತೋಳು ಮಡಚಿ ನಿಂತಿದ್ದರು. ಹೆಂಡತಿ ಅವರ ಕೈಗೆ ಬ್ರಷ್ ಕೊಟ್ಟು, "ಕಾಲರಿಂದ ಶುರು ಮಾಡಿ. ಒಂದೇ ಕಡೆ ಉಜ್ಜಿ, ಹಿಂದೆ ಮುಂದೆ ಮಾಡಿದ್ರೆ ಬಟ್ಟೆ ಹರಿಯುತ್ತೆ. ಹಾಗಲ್ಲ. ಹಾಗೂ ಅಲ್ಲ ರೀ," ಎಂದು ಹೇಳಿಕೊಡುತ್ತಿದ್ದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು.

ಹಲ್ಲಿನ ಡಾಕ್ಟರು ಪರದೆ ಸರಿಸಿ ಒಳಗೆ ಬಂದರು. ಮಿಂದು, ಮೂಗಿಗೆ ಪ್ಲಾಸ್ಟರು ಹಾಕಿಕೊಂಡು, ಭಾವುಕರಾಗಿ ಬಂದಿದ್ದರು. ಹೊರಗೆ ಬೀದಿಯಲ್ಲೆಲ್ಲ ಅದೇ ಮಾತು ಎಂದರು. ಗೆದ್ದ ಆಟವನ್ನು ಸತ್ಯಕ್ಕೋಸ್ಕರ ಬಿಟ್ಟುಕೊಟ್ಟ ಮಹಾನುಭಾವ, ಅಂಗಿಯಷ್ಟೇ ಮನಸ್ಸೂ ಬಿಳಿ ಎನ್ನುತ್ತಿದ್ದಾರಂತೆ. ಆಮೇಲೆ ಧ್ವನಿ ತಗ್ಗಿಸಿದರು.

"ಆದ್ರೆ ಶುಭ್ರಪ್ಪನವರೇ, ನಾನು ನಿಮ್ಮ ಪಕ್ಕದಲ್ಲೇ ಹೊಟ್ಟೆ ಮೇಲೆ ಬಿದ್ದಿದ್ದೆ. ನನ್ನ ಕಣ್ಣು ನೆಲದ ಮಟ್ಟಕ್ಕೇ ಇತ್ತು. ತಟ್ಟೆ ನೆಲಕ್ಕೆ ತಾಗಲೇ ಇಲ್ಲ. ನೀವು ಹಿಡಿದಿದ್ರಿ. ಅದು ನಿಮಗೂ ಗೊತ್ತು. ಮಗಳಿಗೋಸ್ಕರ ತಾನೇ? ಹೇಳಿ, ನಾನು ಯಾರಿಗೂ ಹೇಳಲ್ಲ. ಇಂಥ ದೊಡ್ಡ ತ್ಯಾಗ ಹೇಗೆ ಮಾಡಿದ್ರಿ?"

ಕೌಂಟರಿನ ಕಡೆಯಿಂದ ಮ್ಯಾನೇಜರ ಧ್ವನಿ ಮತ್ತೊಮ್ಮೆ ಏರಿ ಇಳಿಯಿತು. ಶುಭ್ರಪ್ಪನವರು ಅದು ಪೂರ್ತಿ ಇಳಿಯುವ ತನಕ ಕಿವಿಗೊಟ್ಟು ನಿಂತು, ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿದರು.

"ಗೆದ್ದಿದ್ರೆ ಆಯಪ್ಪನಿಗೆ ನಾನು ಉತ್ತರ ಹೇಳ್ಬೇಕಾಗಿತ್ತು, ಡಾಕ್ಟ್ರೇ."